ವಾಟ್ಸಾಪ್‌ನಲ್ಲಿ ಹೋಮ್‌ವರ್ಕ್ ಕಳಿಸೋದು ನಿಲ್ಲಿಸಿದೆ. ತಪ್ಪು ಮಾಡಿದೆನಾ?

ಘಟ್ಟದ ಮಾಸ್ತರು (ಶಿರಸಿ ಕಡೆ)

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹೈಸ್ಕೂಲಲ್ಲಿ ಗಣಿತ ಹೇಳಿಕೊಡುತ್ತೇನೆ. ಒಂದು ವಿಷಯ ಎರಡು ವಾರದಿಂದ ತಲೆ ತಿನ್ನುತ್ತಿದೆ. ಇಲ್ಲಿ ಮೇಷ್ಟ್ರುಗಳೂ ಇದ್ದೀರಿ, ಪಾಲಕರೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

2020ರಲ್ಲಿ ಶಾಲೆ ಮುಚ್ಚಿದಾಗ ಎಲ್ಲರಂತೆ ನಾವೂ ಕ್ಲಾಸಿಗೊಂದು ವಾಟ್ಸಾಪ್ ಗ್ರೂಪ್ ಮಾಡಿದೆವು. ಶಾಲೆ ತೆರೆದ ಮೇಲೂ ಗ್ರೂಪ್ ಹಾಗೇ ಉಳಿಯಿತು. ನನಗೂ ಸುಲಭ ಆಗಿತ್ತು. ಸಂಜೆ ಮನೆಗೆ ಬಂದು ಚಹಾ ಕುಡಿಯುತ್ತಾ ನಾಲ್ಕು ಲೆಕ್ಕ ಬರೆದು, ಫೋಟೋ ಹೊಡೆದು ಹಾಕಿದರೆ ಕೆಲಸ ಮುಗಿಯಿತು.

ಹೋದ ತಿಂಗಳು 9ನೇ ಕ್ಲಾಸಿನ ಹುಡುಗಿಯೊಬ್ಬಳ ನೋಟ್‌ಬುಕ್ ನೋಡಿದೆ. ನಾಲ್ಕು ದಿನದ ಲೆಕ್ಕ ಇಲ್ಲ. ಜಾಣೆ ಅವಳು, ಬೋರ್ಡ್ ಮೇಲೆ ನಾನು ತಪ್ಪು ಮಾಡಿದರೆ ಮೊದಲು ಹೇಳುವವಳೇ ಅವಳು. ಗದರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಅಪ್ಪ ಬರೋದೇ ಎಂಟೂವರೆಗೆ ಸರ್. ಬಂದ ಮೇಲೆ ಫೋನು ಅಣ್ಣನ ಕೈಗೆ ಹೋಗ್ತದೆ. ಅವ ಮಲಗಿದ ಮೇಲೆ ನಂಗೆ. ಅಷ್ಟೊತ್ತಿಗೆ ಚಾರ್ಜ್ ಇರೂದಿಲ್ಲ."

ಮರುದಿನ ಕ್ಲಾಸಲ್ಲಿ ಕೈ ಎತ್ತಿಸಿದೆ. 34 ಮಕ್ಕಳಲ್ಲಿ 31 ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆ. ಆದರೆ ಸಂಜೆ 7ರೊಳಗೆ ಫೋನ್ ಕೈಗೆ ಸಿಗುವುದು 11 ಮಕ್ಕಳಿಗೆ. ಆ 11ರಲ್ಲಿ ಹುಡುಗಿಯರು ಇಬ್ಬರು. ಇಷ್ಟು ವರ್ಷ ನಾನು ಹೋಮ್‌ವರ್ಕ್ ಕೊಟ್ಟಿದ್ದು ಮಕ್ಕಳಿಗಲ್ಲ, ಅವರ ಅಪ್ಪಂದಿರಿಗೆ.

ಅವತ್ತಿಂದ ಕೊನೆಯ ಐದು ನಿಮಿಷ ಬೋರ್ಡ್ ಮೇಲೆ ಲೆಕ್ಕ ಬರೆಯುತ್ತೇನೆ, ಮಕ್ಕಳು ಇಳಿಸಿಕೊಳ್ಳುತ್ತಾರೆ. ಗ್ರೂಪಿಗೆ ಏನೂ ಹಾಕುವುದಿಲ್ಲ. ಈಗ ಕೆಲವು ಪಾಲಕರಿಗೆ ಸಿಟ್ಟು. "ಪೇಟೆಯ ಪ್ರೈವೇಟ್ ಶಾಲೆಯಲ್ಲಿ ಆ್ಯಪ್ ಬಂದಿದೆ, ನೀವು ಸ್ಲೇಟಿನ ಕಾಲಕ್ಕೆ ಹೊರಟಿದ್ದೀರಲ್ಲ ಮಾಸ್ತರೇ" ಅಂತ ಒಬ್ಬರು ಅಂಗಡಿಯ ಮುಂದೆಯೇ ಕೇಳಿದರು. ಮುಂದಿನ ವಾರ ಎಸ್‌ಡಿಎಂಸಿ (ಪಾಲಕರೂ ಇರುವ ಶಾಲಾ ಸಮಿತಿ) ಸಭೆ ಇದೆ. ನಾನು ಮಾಡಿದ್ದು ಸರಿಯಾ?


ಎರಡು ಮಕ್ಕಳ ಅಮ್ಮ (ಬೆಂಗಳೂರು)

ಸರ್, ಮೊದಲು ನಿಮಗೊಂದು ನಮಸ್ಕಾರ. ನಮ್ಮ ಕಡೆ ಕಥೆಯೇ ಬೇರೆ. ಮಕ್ಕಳ ಸ್ಕೂಲಿನ ಆ್ಯಪ್ ಇದೆ, ಅದರ ಜೊತೆಗೆ ಗ್ರೂಪ್, ಅದರ ಜೊತೆಗೆ ಪೇರೆಂಟ್ಸ್ ಮಾತ್ರ ಇರುವ ಇನ್ನೊಂದು ಗ್ರೂಪ್. ರಾತ್ರಿ 9:40ಕ್ಕೆ ಟಿಂಗ್ ಅನ್ನುತ್ತದೆ. "ನಾಳೆ ಹಳದಿ ಚಾರ್ಟ್ ಪೇಪರ್ ತರಬೇಕು." ಆ ಹೊತ್ತಲ್ಲಿ ಯಾವ ಅಂಗಡಿ ತೆಗೆದಿರುತ್ತದೆ ಹೇಳಿ? ಹೋದ ಸಲ ಮನೆಯಲ್ಲಿದ್ದ ಬಿಳಿ ಚಾರ್ಟಿಗೆ ಅರಿಶಿನ ನೀರು ಹಚ್ಚಿ ಕಳಿಸಿದ್ದೇನೆ, ಸತ್ಯವಾಗಿ.

ಆದರೂ ಪೂರ್ತಿ ನಿಲ್ಲಿಸೋದು ಬೇಡ ಅನಿಸುತ್ತದೆ. ನಾನು ಆಫೀಸ್ ಬಿಟ್ಟು ಮನೆ ಸೇರುವಾಗ ಏಳೂವರೆ. ಬಸ್ಸಲ್ಲೇ ಮೆಸೇಜ್ ನೋಡಿಬಿಟ್ಟರೆ ಮನೆಗೆ ಹೋಗಿ ಮಗಳ ಜೊತೆ ಕೂರೋಕೆ ಸರಿಯಾಗುತ್ತದೆ. ಡೈರಿ ಅವಳು ಸ್ಕೂಲಲ್ಲೇ ಮರೆತು ಬರುತ್ತಾಳೆ, ದಿನಾ.


ಬಿಡುವಿಲ್ಲದ ಅಪ್ಪ

ಅರಿಶಿನದ ಐಡಿಯಾ ಬರೆದಿಟ್ಟುಕೊಂಡೆ ಮೇಡಂ.


ಕೊಪ್ಪಳದ ಹುಡುಗ

ಸರ್ ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ತೀರ್ಮಾನ ನನಗೆ ಸರಿ ಅನಿಸಲಿಲ್ಲ.

ನಾನು ಎಂಜಿನಿಯರಿಂಗ್ ಓದಿದ್ದು ಸಣ್ಣ ಊರಿನ ಕಾಲೇಜಲ್ಲಿ. ಸಿಗ್ನಲ್ಸ್ ವಿಷಯಕ್ಕೆ ಲೆಕ್ಚರರ್ ಬಂದಿದ್ದೇ ಸೆಮಿಸ್ಟರ್ ಅರ್ಧ ಮುಗಿದ ಮೇಲೆ. ಆ ಪೇಪರ್ ನಾನು ಪಾಸಾಗಿದ್ದು ಎನ್‌ಪಿಟಿಇಎಲ್‌ನಿಂದ. ಗೊತ್ತಿಲ್ಲದವರಿಗೆ: ಅದು ಆನ್‌ಲೈನ್ ಪಾಠಗಳ ತಾಣ, ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ್ದು. ಪಾಠ ಪುಕ್ಕಟೆ. ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಫೀ ಕಟ್ಟಿ, ಸೆಂಟರಿಗೆ ಹೋಗಿ ಪರೀಕ್ಷೆ ಬರೆಯಬೇಕು.

ದಿನಕ್ಕೆ ಒಂದೂವರೆ ಜಿಬಿ ಡೇಟಾ. ರಾತ್ರಿ 12ಕ್ಕೆ ಉಳಿದದ್ದು ಹೋಗುತ್ತದೆ. ಹನ್ನೊಂದು ಗಂಟೆಗೆ ರೂಮಿನ ನಾಲ್ವರೂ ಉಳಿದ ಡೇಟಾ ಲೆಕ್ಕ ಹಾಕಿ, ಒಬ್ಬೊಬ್ಬರು ಒಂದೊಂದು ಲೆಕ್ಚರ್ ಡೌನ್‌ಲೋಡ್ ಮಾಡುತ್ತಿದ್ದೆವು. ಸಾಲಲಿ ಅಂತ 144ಪಿ ಕ್ವಾಲಿಟಿಯಲ್ಲಿ. ಅದರಲ್ಲಿ ಬೋರ್ಡಿನ ಮೇಲೆ ಮೈನಸ್ಸೂ ಸಮ ಚಿಹ್ನೆಯೂ ಒಂದೇ ಥರ ಕಾಣುತ್ತವೆ. ಲೆಕ್ಕ ಎರಡು ಸಲ ಮಾಡಿ ನೋಡಬೇಕು, ಯಾವುದರಲ್ಲಿ ಉತ್ತರ ಬರುತ್ತದೋ ಅದೇ ಸರಿ. ನಗಬೇಡಿ, ಹಾಗೇ ಕಲಿತೆ. ಇವತ್ತು ಅದೇ ವಿಷಯದಲ್ಲಿ ಕೆಲಸ ಮಾಡುತ್ತಿದ್ದೇನೆ.

ಮನೆಯಲ್ಲಿ ಫೋನ್ ಸಿಗುತ್ತಿಲ್ಲ ಅಂದರೆ ಅದು ಸಿಗೋ ಹಾಗೆ ಮಾಡಬೇಕು. ಎಲ್ಲರಿಗೂ ಸಿಗಲ್ಲ ಅಂತ ಯಾರಿಗೂ ಬೇಡ ಅಂದರೆ ಹೇಗೆ?


ಘಟ್ಟದ ಮಾಸ್ತರು

ಬೇಸರ ಯಾಕೆ, ಇದನ್ನೇ ಕೇಳಬೇಕು ಅಂತ ಹಾಕಿದ್ದು. ಒಂದು ಮಾತು ಮಾತ್ರ. ನಿಮಗೆ ಆಗ 19-20 ವಯಸ್ಸು, ಕೈಲಿ ನಿಮ್ಮದೇ ಫೋನ್, ಜೊತೆಗೆ ಮೂವರು ಗೆಳೆಯರು. ನನ್ನ ಹುಡುಗಿಗೆ 14. ಫೋನ್ ಅಪ್ಪನದು, ಸರದಿ ಅಣ್ಣನದು.

ನಮ್ಮೂರಿನ ಕಥೆ ಮಾತ್ರ ಅಲ್ಲ ಇದು. ಹಳ್ಳಿ ಮಕ್ಕಳ ಕಲಿಕೆ ನೋಡುವ ಅಸರ್ ಸಮೀಕ್ಷೆ 2023ರಲ್ಲಿ 14ರಿಂದ 18 ವಯಸ್ಸಿನ ಹಳ್ಳಿ ಮಕ್ಕಳನ್ನೇ ಕೇಳಿತ್ತು. ಸ್ಮಾರ್ಟ್‌ಫೋನ್ ಬಳಸಲು ಬರುವ ಹುಡುಗರಲ್ಲಿ ಸ್ವಂತ ಸ್ಮಾರ್ಟ್‌ಫೋನ್ ಇದ್ದದ್ದು ಶೇ 43.7 ಮಂದಿಗೆ, ಹುಡುಗಿಯರಲ್ಲಿ ಶೇ 19.8.


ನಿವೃತ್ತ ಸಿಆರ್‌ಪಿ (ಚಾಮರಾಜನಗರ)

ಮೇಷ್ಟ್ರೇ, 36 ವರ್ಷ ಶಿಕ್ಷಣ ಇಲಾಖೆಯಲ್ಲಿ ಇದ್ದವನು ನಾನು. ಸಿಆರ್‌ಪಿ ಅಂದರೆ ಸುತ್ತಲಿನ ಶಾಲೆಗಳಿಗೆ ಹೋಗಿ ಮೇಷ್ಟ್ರುಗಳಿಗೆ ನೆರವಾಗುವವನು. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಇದ್ದವರು ಓದಿ.

ರೇಡಿಯೋ ಪಾಠ ಇತ್ತು. ಕೇಳಿ ಕಲಿ, ಚುಕ್ಕಿ ಚಿನ್ನ ಅಂತ ಕಾರ್ಯಕ್ರಮ. ಹೇಳಿದ ಹೊತ್ತಿಗೆ ರೇಡಿಯೋ ಹಾಕಿ ಮಕ್ಕಳನ್ನು ಸುತ್ತ ಕೂರಿಸಬೇಕು. ಹಾಡು ಬರುತ್ತಿತ್ತು, ಮಕ್ಕಳು ಕುಣಿಯುತ್ತಿದ್ದರು. ಸೆಲ್ಲು ಮುಗಿದರೆ ಮೇಷ್ಟ್ರ ಜೇಬಿಂದ.

ಇನ್ನೊಂದು ಎಜುಸ್ಯಾಟ್. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶ್ರೀಹರಿಕೋಟಾದಿಂದ ಹಾರಿಸಿದ್ದು, ಶಿಕ್ಷಣಕ್ಕೇ ಅಂತ ಮಾಡಿದ ಉಪಗ್ರಹ. ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲೇ ಪ್ರಯೋಗ. ಚಾವಣಿ ಮೇಲೆ ಡಿಶ್, ಒಳಗೆ ಟಿವಿ, ಬ್ಯಾಟರಿ. ಕಾಡಂಚಿನ ಶಾಲೆಯಲ್ಲಿ ಮಕ್ಕಳು ಆಕಾಶದಿಂದ ಪಾಠ ಬರುತ್ತದೆ ಅಂತ ಡಿಶ್ ಕಡೆಯೇ ನೋಡುತ್ತಾ ಕೂತಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಒಳ್ಳೆಯ ಪಾಠಗಳೇ. ಆದರೆ ಒಂದು ಶಾಲೆಗೆ ಎರಡು ವರ್ಷ ಬಿಟ್ಟು ಹೋದಾಗ ಟಿವಿ ಪೆಟ್ಟಿಗೆಯಲ್ಲಿ ಚಾಕ್‌ಪೀಸ್ ಇಟ್ಟಿದ್ದರು. ಬೀಗ ಗಟ್ಟಿ ಇತ್ತಲ್ಲ, ಅದಕ್ಕೆ. ಪೆಟ್ಟಿಗೆ ಕೊಳ್ಳುವುದಕ್ಕೆ ದುಡ್ಡು ಇರುತ್ತದೆ. ಕೆಟ್ಟರೆ ರಿಪೇರಿಗೆ ಅಂತ ಯಾರೂ ಬರೆದಿರಲ್ಲ.

ಇನ್ನೊಂದು ಹೇಳಬೇಕು. ಈಗ ಎಲ್ಲ ಆ್ಯಪ್‌ನವರೂ ಹೇಳುತ್ತಾರಲ್ಲ, ಪ್ರತಿ ಮಗು ತನ್ನ ವೇಗದಲ್ಲಿ ಕಲಿಯುತ್ತದೆ ಅಂತ. ಅದನ್ನು ಹೆಚ್.ಡಿ. ಕೋಟೆಯ ಮೇಷ್ಟ್ರುಗಳು 1995ರ ಹೊತ್ತಿಗೇ ರಟ್ಟಿನ ಕಾರ್ಡಲ್ಲಿ ಮಾಡಿದ್ದರು. ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು ನಲಿ ಕಲಿ ಶುರು ಮಾಡಿದ್ದು. ಕಲಿಕಾ ಏಣಿ, ಮೈಲಿಗಲ್ಲು, ತಟ್ಟೆ (ಮಕ್ಕಳು ಕೂರುವ ಗುಂಪು). ಮಗು ಬರುತ್ತದೆ, ಏಣಿಯಲ್ಲಿ ತಾನು ಎಲ್ಲಿದ್ದೇನೆ ನೋಡುತ್ತದೆ, ತನ್ನ ಕಾರ್ಡ್ ತಾನೇ ತೆಗೆದುಕೊಂಡು ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ಒಂದು ವಾರ ಜ್ವರ ಬಂದು ಮಲಗಿದ್ದರೂ ಬಿಟ್ಟ ಕಾರ್ಡಿಂದಲೇ ಶುರು. ಕರೆಂಟ್ ಬೇಕಿಲ್ಲ.

ಕೊರೊನಾ ವರ್ಷ ಎಲ್ಲ ಒಟ್ಟಿಗೆ ನೋಡಿದೆವು. 2020ರ ಜೂನ್‌ನಲ್ಲಿ ಎಲ್‌ಕೆಜಿಯಿಂದ 5ನೇ ಕ್ಲಾಸ್‌ವರೆಗೆ ಆನ್‌ಲೈನ್ ಬೇಡ ಅಂದಿತು ಸರ್ಕಾರ. ಜುಲೈ 8ಕ್ಕೆ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಅದೇ ಜುಲೈನಲ್ಲಿ ಚಂದನ ಟಿವಿಯಲ್ಲಿ ಸೇತುಬಂಧ ಪಾಠ, ಆಮೇಲೆ ಸಂವೇದ. ಆಗಸ್ಟ್‌ನಲ್ಲಿ ವಿದ್ಯಾಗಮ. ಅರಳಿಕಟ್ಟೆ, ದೇವಸ್ಥಾನದ ಜಗುಲಿ, ಯಾರದೋ ಮನೆಯ ಕಣ, ಎಲ್ಲೆಂದರಲ್ಲಿ ಪಾಠ. ಸೋಂಕು ಹೆಚ್ಚಾಯಿತು ಅಂತ ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಿದರು. ಆ ಎರಡು ತಿಂಗಳಲ್ಲಿ ಮಕ್ಕಳ ಮುಖ ನೋಡಬೇಕಿತ್ತು ನೀವು. ಟಿವಿ ಪಾಠ ನೋಡಿದಿರಾ ಅಂತ ಕೇಳಿದರೆ "ನೋಡಿದೆ ಸಾ, ಅಜ್ಜಿ ಧಾರಾವಾಹಿ ಹಾಕುಬುಟ್ರು" ಅನ್ನೋರು.

ನಿಮ್ಮ ಬೋರ್ಡಿನ ಐದು ನಿಮಿಷಕ್ಕೆ ನನ್ನ ಬೆಂಬಲ ಇದೆ.


ಅಡ್ಮಿನ್

ಸರ್ಕಾರದ ಮಾತು ಬಂದ ಕೂಡಲೇ ಇಬ್ಬರು ಪಕ್ಷದ ಜಗಳ ಶುರು ಮಾಡಿದ್ದರು. ಆ ಕಾಮೆಂಟ್ ತೆಗೆದಿದ್ದೇನೆ. ಅದಕ್ಕೆ ಬೇರೆ ಜಾಗ ಇದೆ.


ಅಂಕಿಸಂಖ್ಯೆ (ಧಾರವಾಡ)

ಹಿರಿಯರು ಹೇಳಿದ್ದಕ್ಕೆ ನಾಲ್ಕು ಲೆಕ್ಕ ಸೇರಿಸುತ್ತೇನೆ ನೋಡ್ರಿ.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಶಾಲೆ ಮುಚ್ಚಿದ್ದಾಗ ಐದು ರಾಜ್ಯಗಳಲ್ಲಿ, ಕರ್ನಾಟಕವೂ ಸೇರಿ, 16,067 ಮಕ್ಕಳನ್ನು ನೋಡಿ 2021ರ ಫೆಬ್ರವರಿಯಲ್ಲಿ ವರದಿ ಕೊಟ್ಟರು. ಶೇ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಕೌಶಲ ಮರೆತಿದ್ದರು. ಗಣಿತದಲ್ಲಿ ಶೇ 82. ಹೊಸದು ಕಲಿಯಲಿಲ್ಲ ಅನ್ನೋದು ಬೇರೆ ಮಾತು, ಕಲಿತದ್ದೇ ಹೋಗಿತ್ತು. ಅದೇ ಹೊತ್ತಲ್ಲಿ ಹಳ್ಳಿ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಮಾತ್ರ ಏರುತ್ತಲೇ ಇತ್ತು. ಅಸರ್ ಲೆಕ್ಕದಲ್ಲಿ 2018ರಲ್ಲಿ ಶೇ 36.5 ಇದ್ದದ್ದು 2021ಕ್ಕೆ ಶೇ 67.6. ಫೋನ್ ಬಂತು ಅಂದರೆ ಪಾಠ ಬಂತು ಅಂತ ಅಲ್ಲ.

ಹಾಗಂತ ಕಂಪ್ಯೂಟರ್ ಪಾಠ ಎಲ್ಲ ವ್ಯರ್ಥ ಅನ್ನೋ ಹಾಗೂ ಇಲ್ಲ. ದೆಹಲಿಯಲ್ಲಿ ಶಾಲೆ ಬಿಟ್ಟ ಮೇಲೆ ನಡೆಯುವ ಸೆಂಟರ್‌ಗಳಲ್ಲಿ ಮೈಂಡ್‌ಸ್ಪಾರ್ಕ್ ಅನ್ನೋ ಸಾಫ್ಟ್‌ವೇರ್ ಇಟ್ಟು ಅರ್ಥಶಾಸ್ತ್ರಜ್ಞರು ಪರೀಕ್ಷೆ ಮಾಡಿದರು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಮಕ್ಕಳು ಚೆನ್ನಾಗಿ ಮುಂದೆ ಬಂದರು. ಕಾರಣ ಏನು ಗೊತ್ತೇನ್ರಿ? 8ನೇ ಕ್ಲಾಸಿನ ಹುಡುಗನಿಗೆ 4ನೇ ಕ್ಲಾಸಿನ ಲೆಕ್ಕ ಬರುತ್ತಿಲ್ಲ ಅಂದರೆ ಅದು ಅಲ್ಲಿಂದಲೇ ಶುರು ಮಾಡುತ್ತದೆ. 40 ಮಕ್ಕಳ ಮುಂದೆ ನಿಂತ ಮಾಸ್ತರಿಗೆ ಅದು ಕಷ್ಟ. ಹಿರಿಯರ ನಲಿ ಕಲಿ ಏಣಿಯೇ ಇದು, ಕರೆಂಟ್ ಹಾಕಿದ್ದು ಅಷ್ಟೇ.

ನನಗೆ ತುಂಬ ಹಿಡಿಸಿದ್ದು ಆಫ್ರಿಕಾದ ಬೋಟ್ಸ್ವಾನಾದ್ದು. ಕೊರೊನಾ ಹೊತ್ತಲ್ಲಿ ಕೆಲವು ಮನೆಗಳಿಗೆ ವಾರವಾರ ಎಸ್‌ಎಂಎಸ್‌ನಲ್ಲಿ ಲೆಕ್ಕ ಕಳಿಸಿದರು. ಇನ್ನು ಕೆಲವು ಮನೆಗಳಿಗೆ ಎಸ್‌ಎಂಎಸ್ ಜೊತೆಗೆ ವಾರಕ್ಕೊಮ್ಮೆ ಮೇಷ್ಟ್ರು ಫೋನ್ ಮಾಡಿ ಸುಮಾರು 20 ನಿಮಿಷ ಮಾತಾಡಿ ಲೆಕ್ಕ ಮಾಡಿಸಿದರು. ಬರೀ ಎಸ್‌ಎಂಎಸ್ ಹೋದ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಫೋನ್ ಹೋದ ಕಡೆ ಮಕ್ಕಳು ಕಲಿತರು. ಸ್ಮಾರ್ಟ್‌ಫೋನೂ ಬೇಕಿರಲಿಲ್ಲ, ಬಟನ್ ಫೋನ್ ಸಾಕು.


ಎರಡು ಮಕ್ಕಳ ಅಮ್ಮ (ಬೆಂಗಳೂರು)

ಅಂದರೆ ಟ್ಯೂಷನ್ ಮೇಷ್ಟ್ರು ಫೋನಲ್ಲಿ! ನಮ್ಮಮ್ಮ ನನಗೆ ಸಾರಿನ ಪುಡಿ ಮಾಡೋದು ಹೇಳಿಕೊಟ್ಟಿದ್ದು ಹೀಗೇ. ವಿಡಿಯೋ ನೋಡಿ ಮೂರು ಸಲ ಕೆಡಿಸಿದ್ದೆ.


ಕಿವಿಯಲ್ಲಿ ಓದುವವನು (ಕಲಬುರಗಿ)

ನಾನು ಹುಟ್ಟಿನಿಂದ ಕಣ್ಣು ಕಾಣದವನು. ಎಂಎ ಇತಿಹಾಸ ಓದುತ್ತಿದ್ದೇನೆ. ಇಲ್ಲಿ ಎಲ್ಲರೂ ಫೋನ್ ಬೇಕಾ ಬೇಡವಾ ಅಂತ ಮಾತಾಡುತ್ತಿದ್ದೀರಿ. ನನಗೆ ಆ ಆಯ್ಕೆ ಇಲ್ಲ, ಫೋನ್ ಇಲ್ಲದಿದ್ದರೆ ಓದೇ ಇಲ್ಲ.

ಪಿಯುಸಿವರೆಗೆ ಯಾರಾದರೂ ಓದಿ ಹೇಳಬೇಕಿತ್ತು. ಅಕ್ಕ ಓದುತ್ತಿದ್ದಳು. ಅವಳ ಮದುವೆಯಾಯಿತು, ನನ್ನ ಓದು ನಿಂತಿತು. ಆಮೇಲೆ ಕಾಲೇಜಿನ ಗೆಳೆಯನೊಬ್ಬ ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿಕೊಟ್ಟ. ಪರದೆ ಮೇಲೆ ಇರೋದನ್ನು ಓದಿ ಹೇಳುವ ಪುಕ್ಕಟೆ ಸಾಫ್ಟ್‌ವೇರ್. ಆಸ್ಟ್ರೇಲಿಯಾದ ಇಬ್ಬರು ಅಂಧ ಹುಡುಗರು 2006ರಲ್ಲಿ ಶುರು ಮಾಡಿದ್ದು. ಕನ್ನಡವನ್ನೂ ಓದುತ್ತದೆ. ದನಿ ರೋಬೋ ಥರ ಇದೆ, ಮೊದಲ ವಾರ ತಲೆನೋವು ಬಂತು. ಈಗ ನೀವು ಕಣ್ಣಲ್ಲಿ ಓದುವುದಕ್ಕಿಂತ ವೇಗವಾಗಿ ನಾನು ಕಿವಿಯಲ್ಲಿ ಓದುತ್ತೇನೆ.

ನನ್ನ ಸಮಸ್ಯೆ ಬೇರೆ, ಅದನ್ನು ಮೇಷ್ಟ್ರುಗಳು ದಯವಿಟ್ಟು ಕೇಳಿಸಿಕೊಳ್ಳಿ. ನಮಗೆ ಬರುವ ಕನ್ನಡ ನೋಟ್ಸ್ ಎರಡು ಥರ. ಒಂದು, ಪುಸ್ತಕದ ಫೋಟೋ ತೆಗೆದು ಮಾಡಿದ ಪಿಡಿಎಫ್. ಅದು ನನಗೆ ಬರೀ ಚಿತ್ರ. ಸಾಫ್ಟ್‌ವೇರ್ "ಖಾಲಿ" ಅನ್ನುತ್ತದೆ. ಎರಡು, ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯ ಹಳೆ ಫಾಂಟಲ್ಲಿ ಟೈಪ್ ಮಾಡಿದ್ದು. ಕಣ್ಣಿಗೆ ಅದು ಚೆಂದದ ಕನ್ನಡ. ಒಳಗೆ ಇರೋದು ಇಂಗ್ಲಿಷ್ ಅಕ್ಷರ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ ಅಷ್ಟೇ. "ಕನ್ನಡ" ಅಂತ ನೀವು ಟೈಪ್ ಮಾಡಿದ್ದು ನನ್ನ ಕಿವಿಗೆ ಬೀಳೋದು ಹೀಗೆ: ಪಿ, ಎ, ಪೌಂಡ್, ಎ, ಎಸ್, ಕ್ಯೂ, ಎ. ಒಂದು ಇಡೀ ಅಧ್ಯಾಯ ಹೀಗೆ. ಹೊಯ್ಸಳರ ಬಗ್ಗೆ 22 ಪುಟ, ಪೌಂಡ್ ಪೌಂಡ್ ಪೌಂಡ್. ಅದನ್ನು ಕಳಿಸಿದವರಿಗೆ ಫೋನ್ ಮಾಡಿದರೆ "ಸರಿಯಾಗೇ ಇದೆಯಲ್ಲಪ್ಪ, ನನಗೆ ಓಪನ್ ಆಗುತ್ತಿದೆ" ಅಂದರು.

ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಅದರಲ್ಲಿ ಒಳಗೆ ಇರೋದೂ ಕನ್ನಡ ಅಕ್ಷರವೇ. ನಿಮ್ಮ ಫೋನಿನ ಕನ್ನಡ ಕೀಬೋರ್ಡ್ ಯುನಿಕೋಡೇ. ಈಗಿನ ನುಡಿಯಲ್ಲೂ ಯುನಿಕೋಡ್ ಇದೆ, ಆಯ್ಕೆ ಬದಲಿಸಬೇಕು. ಖರ್ಚೇನೂ ಇಲ್ಲ.


ಬಸ್‌ಸ್ಟ್ಯಾಂಡ್ ಝೆರಾಕ್ಸ್ (ಅರಸೀಕೆರೆ)

ಅಣ್ಣ, ನೀವು ಹೇಳಿದ್ದು ಓದಿ ಕೆಟ್ಟದೆನಿಸಿತು. 15 ವರ್ಷದಿಂದ ಡಿಟಿಪಿ ಮಾಡುತ್ತಿದ್ದೇನೆ, ಹಳೆ ಫೈಲ್ ಎಲ್ಲ ನೀವು ಹೇಳಿದ ಆ ಪೌಂಡ್ ಭಾಷೆಯಲ್ಲೇ ಇವೆ. ನುಡಿಯಲ್ಲೇ ಕನ್ವರ್ಟರ್ ಇದೆ, ಯುನಿಕೋಡ್ ಆಗುತ್ತದೆ. ಆದರೆ ಅರ್ಕಾವತ್ತು ಇರುವ ಕಡೆ ಒಮ್ಮೊಮ್ಮೆ ಎಡವಟ್ಟಾಗುತ್ತದೆ. ಹಳೆ ಫಾಂಟಲ್ಲಿ ಕಣ್ಣಿಗೆ ಕಾಣುವ ಹಾಗೆ ಅಕ್ಷರ ಆದ ಮೇಲೆ ಅರ್ಕಾವತ್ತು ಹೊಡೆಯುತ್ತೇವೆ, ಯುನಿಕೋಡಲ್ಲಿ ರಕಾರ ಮೊದಲು ಬರಬೇಕು. ಹಾಗಾಗಿ ಒಂದು ಸಲ ಕಣ್ಣಾಡಿಸಬೇಕು. ನಿಮ್ಮ ಹೊಯ್ಸಳರ ಫೈಲ್ ಇಲ್ಲಿ ಮೆಸೇಜಲ್ಲಿ ಹಾಕಿ, ಮಾಡಿ ಕೊಡುತ್ತೇನೆ. ದುಡ್ಡು ಬೇಡ. ಹೊಯ್ಸಳರು ನಮ್ಮ ಕಡೆಯವರೇ.

ಚರ್ಚೆಗೆ ನನ್ನದೂ ಒಂದು. ಡಿಜಿಟಲ್ ಶಿಕ್ಷಣ ಅಂದರೆ ಏನು ಅಂತ ನನ್ನ ಅಂಗಡಿಗೆ ಬಂದು ನೋಡಿ. ಮೇಷ್ಟ್ರು ವಾಟ್ಸಾಪಲ್ಲಿ ಪಿಡಿಎಫ್ ಕಳಿಸುತ್ತಾರೆ. ಹುಡುಗ ಅದನ್ನು ನನಗೆ ಫಾರ್ವರ್ಡ್ ಮಾಡಿ ಪ್ರಿಂಟ್ ತೆಗೆಸುತ್ತಾನೆ. ಅದನ್ನು ನೋಡಿಕೊಂಡು ಕೈಯಲ್ಲಿ ಬರೆಯುತ್ತಾನೆ. ಬರೆದದ್ದನ್ನು ಫೋಟೋ ತೆಗೆದು ಮೇಷ್ಟ್ರಿಗೆ ಕಳಿಸುತ್ತಾನೆ. ಮೇಷ್ಟ್ರು ಅದನ್ನೂ ಪ್ರಿಂಟ್ ತೆಗೆದು ಫೈಲಿಗೆ ಹಾಕಲು ನನ್ನ ಹತ್ತಿರವೇ ಬರುತ್ತಾರೆ. ನನ್ನ ವ್ಯಾಪಾರ ಚೆನ್ನಾಗಿದೆ, ಬೇಡ ಅನ್ನಲ್ಲ.

"ಅಣ್ಣ, ಪರಿಸರ ಮಾಲಿನ್ಯ ಇದೆಯಾ?" ಅಂತ ಕೇಳಿಕೊಂಡು ಬರುತ್ತಾರೆ ಮಕ್ಕಳು. ಪ್ರಾಜೆಕ್ಟ್‌ದು. ಇದೆ, ಬಣ್ಣದ್ದು ಬೇಕಾ ಕಪ್ಪುಬಿಳುಪಾ ಅಂತ ಕೇಳುತ್ತೇನೆ. ಹೋದ ವರ್ಷದಿಂದ ಆ ಫೋಲ್ಡರಿಗೂ ಬೇಡಿಕೆ ಕಮ್ಮಿಯಾಗಿದೆ. ಚಾಟ್‌ಜಿಪಿಟಿ ಬರೆದುಕೊಡುತ್ತದಲ್ಲ.


ಪಿಯು ಕನ್ನಡ ಮೇಡಂ (ತುಮಕೂರು)

ಅಯ್ಯೋ, ಅದರ ಮಾತು ಎತ್ತಬೇಡಿ!

ಸರಿ, ಎತ್ತಿಬಿಟ್ಟಿರಿ, ಹೇಳುತ್ತೇನೆ. ಅದು ಬಂದಿದ್ದು 2022ರ ನವೆಂಬರ್ ಕೊನೆಗೆ. ನಮ್ಮ ಮಕ್ಕಳ ಪ್ರಬಂಧಕ್ಕೆ ಇಳಿಯಲು ಸ್ವಲ್ಪ ಸಮಯ ಬೇಕಾಯಿತು, ಕನ್ನಡ ಅದಕ್ಕೂ ನೆಟ್ಟಗೆ ಬರುತ್ತಿರಲಿಲ್ಲ. ಈಗ ಬರುತ್ತದೆ. ಒಂದು ರಾಶಿ ಪೇಪರ್ ತಿದ್ದಲು ಕೂತರೆ ಎಲ್ಲರೂ "ಪ್ರಮುಖ ಪಾತ್ರವನ್ನು ವಹಿಸುತ್ತದೆ" ಅಂತ ಬರೆದಿರುತ್ತಾರೆ. ಗ್ರಂಥಾಲಯ ಪ್ರಮುಖ ಪಾತ್ರ ವಹಿಸುತ್ತದೆ. ಮಳೆ ಪ್ರಮುಖ ಪಾತ್ರ ವಹಿಸುತ್ತದೆ. ನಮ್ಮ ಕಾಲೇಜಿನ ಹಿಂದೆ ಇರುವ ಕ್ಯಾಂಟೀನೂ ಪ್ರಮುಖ ಪಾತ್ರ ವಹಿಸುತ್ತದೆ. ಒಂದು ಕಾಗುಣಿತ ತಪ್ಪಿಲ್ಲ. ಕಾಗುಣಿತ ತಪ್ಪು ಕಂಡರೆ ಸಿಟ್ಟಾಗುತ್ತಿದ್ದವಳು ನಾನು, ಈಗ ಒಂದು ಕಂಡರೆ ಖುಷಿಯಾಗುತ್ತದೆ. ಮಗು ತಾನೇ ಬರೆದಿದೆ ಅಂತ.

ಹೋದ ತಿಂಗಳು ವಿಷಯವನ್ನೇ ಬದಲಾಯಿಸಿದೆ. "ನಿಮ್ಮ ಮನೆಯ ಅಡುಗೆಮನೆ" ಅಂತ ಕೊಟ್ಟೆ, ಇಲ್ಲೇ ಕೂತು ಬರೆಯಿರಿ, ಫೋನ್ ಬ್ಯಾಗಲ್ಲಿ. ಒಬ್ಬ ಹುಡುಗ ಮೊದಲ ಸಾಲು ಬಾಯಿಪಾಠದಿಂದ ಬರೆದ: "ಅಡುಗೆಮನೆಯು ನಮ್ಮ ಸಂಸ್ಕೃತಿಯ ಪ್ರತಿಬಿಂಬವಾಗಿದೆ." ಆಮೇಲೆ ಹತ್ತು ನಿಮಿಷ ಏನೂ ಇಲ್ಲ, ಪೆನ್ನು ಕಚ್ಚುತ್ತಾ ಕೂತಿದ್ದ. ಕೊನೆಗೆ ಬರೆದ: "ನಮ್ಮ ಸ್ಟೌವಿನ ಒಂದು ಒಲೆ ಹತ್ತಲ್ಲ. ಅಮ್ಮ ಅದರ ಮೇಲೆ ಹಾಲಿನ ಪಾತ್ರೆ ಇಡುತ್ತಾಳೆ, ಬೆಕ್ಕು ಹತ್ತಬಾರದು ಅಂತ ಮೇಲೆ ಲಟ್ಟಣಿಗೆ." ಆ ಎರಡು ಸಾಲು ಸ್ಟಾಫ್‌ರೂಮಲ್ಲಿ ಎಲ್ಲರಿಗೂ ಓದಿ ಹೇಳಿದೆ.

ನಾನು ಅದನ್ನು ಬಳಸಲ್ಲ ಅಂತ ಅಲ್ಲ. ಪ್ರಶ್ನೆಪತ್ರಿಕೆಗೆ ಇಪ್ಪತ್ತು ಪ್ರಶ್ನೆ ಕೇಳಿ, ಅದರಲ್ಲಿ ಮೂರು ಆರಿಸಿಕೊಂಡಿದ್ದೇನೆ. ಹಳಗನ್ನಡ ಪದ್ಯದ ಅರ್ಥ ಕೇಳಿದರೆ ಮಾತ್ರ ಧೈರ್ಯವಾಗಿ ಸುಳ್ಳು ಹೇಳುತ್ತದೆ.


ಸುಳ್ಯದವಳು

ನೆಟ್‌ವರ್ಕ್ ಬಗ್ಗೆ ಯಾರೂ ಮಾತಾಡಲೇ ಇಲ್ಲವಲ್ಲ! 2021ರ ಜೂನ್‌ನಲ್ಲಿ ನಮ್ಮ ತಾಲೂಕಿನ ಒಂದು ಫೋಟೋ ಎಲ್ಲ ಕಡೆ ಓಡಾಡಿತ್ತು, ನೆನಪಿದೆಯಾ? ರಸ್ತೆ ಬದಿ ಕೂತು ಎಸ್‌ಎಸ್‌ಎಲ್‌ಸಿ ಹುಡುಗಿ ಪಾಠ ಕೇಳುತ್ತಿದ್ದಾಳೆ, ಜೋರು ಮಳೆ, ಅಪ್ಪ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದಾರೆ. ಎಲ್ಲರೂ ಅಪ್ಪನನ್ನು ಹೊಗಳಿದರು. ನಾವು ಕೂಡ ಹಾಗೇ ಗುಡ್ಡೆ ಹತ್ತಿದವರು. ಟಾರ್ಪಾಲು ಕಟ್ಟಿ, ಅದರಡಿ ಏಳೆಂಟು ಜನ. ನಮ್ಮದು ಫೋಟೋ ಬರಲಿಲ್ಲ ಅಷ್ಟೇ. ಉಂಬಳ ಕಾಲಿಗೆ ಹತ್ತಿ ರಕ್ತ ಇಳಿಯುವಾಗ ಮ್ಯೂಟ್ ಮಾಡಿ ಕಿತ್ತು ಬಿಸಾಡಿ ಮತ್ತೆ ಅನ್‌ಮ್ಯೂಟ್ ಮಾಡಿ "ಎಸ್ ಮಿಸ್" ಅನ್ನೋದು.

ಈಗ ಟವರ್ ಬಂದಿದೆ. ಕರೆಂಟ್ ಹೋದರೆ ಟವರೂ ಹೋಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಕಥೆ ನಿಮಗೆ ಗೊತ್ತಲ್ಲ ಮಾಸ್ತರೇ.


ಸ್ಯಾಟ್ಸ್ ಸಂತ್ರಸ್ತೆ

ಮೇಷ್ಟ್ರ ಫೋನಿನ ಬಗ್ಗೆಯೂ ಯಾರಾದರೂ ಹೇಳಿ. ಬೆಳಿಗ್ಗೆ ಹಾಲು ಕೊಟ್ಟ ಫೋಟೋ, ಮಧ್ಯಾಹ್ನ ಮೊಟ್ಟೆ ಕೊಟ್ಟ ಫೋಟೋ, ಮಕ್ಕಳ ವಿವರ ತುಂಬುವ ರಾಜ್ಯದ ಸ್ಯಾಟ್ಸ್‌ನಲ್ಲಿ ಎಂಟ್ರಿ, ಕೇಂದ್ರದ ಯುಡೈಸ್‌ನಲ್ಲಿ ಮತ್ತೆ ಅದೇ ಎಂಟ್ರಿ, ಸರ್ವರ್ ಡೌನ್, ರಾತ್ರಿ ಹತ್ತಕ್ಕೆ ಎದ್ದು ಮತ್ತೆ ಪ್ರಯತ್ನ. ಮಗು ಮೊಟ್ಟೆ ತಿಂದಿತೋ ಇಲ್ಲವೋ ನೋಡಲು ಪುರುಸೊತ್ತಿಲ್ಲ, ಫೋಟೋ ಹೋಯಿತಾ ಅಷ್ಟೇ. ಹೇಳಬೇಕಿತ್ತು, ಹೇಳಿದೆ.


ಡಲ್ಲಾಸ್ ಅಜ್ಜಂಪುರ

ದೂರದಿಂದ ಓದುತ್ತಿದ್ದೇನೆ. ಇಲ್ಲಿ ಶನಿವಾರ ಬೆಳಿಗ್ಗೆ ಝೂಮ್‌ನಲ್ಲಿ ಒಂಬತ್ತು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಸ್ಟೋರಿವೀವರ್ ನಮಗೆ ದೊಡ್ಡ ಆಸರೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ತಾಣ. ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ, ಪ್ರಿಂಟ್ ಮಾಡಿ ಹಂಚಿದರೂ ತಪ್ಪಿಲ್ಲ. ಘಟ್ಟದ ಮಾಸ್ತರೇ, ನಿಮ್ಮ ಊರಿನ ಸಣ್ಣ ಮಕ್ಕಳಿಗೂ ಆಗಬಹುದು. ನಮ್ಮ ಕ್ಲಾಸಲ್ಲಿ ಒಬ್ಬ ಹುಡುಗ ಮಾತ್ರ ಬೇರೆಯವರಿಗಿಂತ ಬೇಗ ಓದಲು ಕಲಿತ. ಯಾಕೆ ಅಂತ ವಿಚಾರಿಸಿದರೆ ದಿನಾ ಹಾಸನದ ಅಜ್ಜಿಗೆ ಫೋನ್ ಹಚ್ಚಿ ಒಂದು ಪುಟ ಓದುತ್ತಾನಂತೆ. ತಪ್ಪು ಓದಿದರೆ ಅಜ್ಜಿ ನಗುತ್ತಾರಂತೆ.


ಕೊಪ್ಪಳದ ಹುಡುಗ

ಸರ್, ಮೊನ್ನೆಯಿಂದ ಯೋಚನೆ ಮಾಡುತ್ತಿದ್ದೆ. ನಮ್ಮ ರೂಮಲ್ಲಿ ಮೈನಸ್ಸಾ ಸಮಾನಾ ಅಂತ ನಾಲ್ವರು ಜಗಳ ಆಡಿದ್ದರಿಂದಲೇ ನಾನು ಕಲಿತದ್ದು ಅನಿಸುತ್ತದೆ. ಒಬ್ಬನೇ ಇದ್ದಿದ್ದರೆ ಮೂರನೇ ಲೆಕ್ಚರಿಗೆ ಬಿಡುತ್ತಿದ್ದೆ. ಆದರೂ ಹೇಳುತ್ತೇನೆ, ಗ್ರೂಪ್ ಪೂರ್ತಿ ಮುಚ್ಚಬೇಡಿ. ಜ್ವರ ಬಂದು ಮನೆಯಲ್ಲಿ ಇರುವವರಿಗಾದರೂ ಹಾಕಿ. ಸಭೆ ಏನಾಯಿತು?


ಘಟ್ಟದ ಮಾಸ್ತರು

ನಿನ್ನೆ ಆಯಿತು. ಎರಡು ತಾಸು.

ಆ 34-31-11 ಲೆಕ್ಕವನ್ನು ಬೋರ್ಡ್ ಮೇಲೆ ಬರೆದೆ. ಅಂಗಡಿ ಮುಂದೆ ಬೈದಿದ್ದವರು ಮೊದಲು ಒಪ್ಪಲಿಲ್ಲ, "ನಮ್ಮ ಮನೆಯಲ್ಲಿ ಹಾಗಿಲ್ಲ" ಅಂದರು. ಅವರ ಹೆಂಡತಿ ಹಿಂದಿನ ಬೆಂಚಿನಿಂದ "ಇಲ್ದೆ ಏನು, ಹಾಗೇ ಇದೆ" ಅಂದುಬಿಟ್ಟರು. ಎಲ್ಲರೂ ನಕ್ಕರು, ಅವರೂ ನಕ್ಕರು. ಅಜ್ಜಿಯೊಬ್ಬರು ಪಠ್ಯಪುಸ್ತಕದಲ್ಲಿರುವ ದೀಕ್ಷಾ ಕ್ಯೂಆರ್ ಕೋಡ್ ತೋರಿಸಿ, "ಇದಕ್ಕೂ ದುಡ್ಡು ಹಾಕಬೇಕಾ ಮಾಸ್ತರೇ, ಅಂಗಡಿಯಲ್ಲಿ ಇದ್ದ ಹಾಗೇ ಇದೆಯಲ್ಲ" ಅಂತ ಕೇಳಿದರು. ದೀಕ್ಷಾ 2017ರಿಂದ ಇರುವ ಸರ್ಕಾರದ ಪಾಠದ ಆ್ಯಪ್, ನಾವು ಒಂದು ಸಲವೂ ಅವರಿಗೆ ತೋರಿಸಿಲ್ಲ. ಫೋನಲ್ಲಿ ಸ್ಕ್ಯಾನ್ ಮಾಡಿ ಪಾಠ ತೋರಿಸಿದೆ. ದುಡ್ಡಿಲ್ಲ ಅಂದ ಮೇಲೆ ಪೂರ್ತಿ ನೋಡಿದರು.

ಕೊನೆಗೆ ಹೀಗೆ ನಿಂತಿದೆ: ಹೋಮ್‌ವರ್ಕ್ ಬೋರ್ಡ್ ಮೇಲೆ. ಶಾಲೆಗೆ ಬರದವರಿಗಾಗಿ ಅದರ ಫೋಟೋ ಗ್ರೂಪಿಗೆ, 6 ಗಂಟೆಯ ಒಳಗೆ, ಆಮೇಲೆ ಏನೂ ಇಲ್ಲ. ಶಾಲೆಯ ನಾಲ್ಕು ಕಂಪ್ಯೂಟರ್‌ನಲ್ಲಿ ಎರಡು ನಡೆಯುತ್ತವೆ, ಸಂಜೆ ಒಂದು ತಾಸು ಮಕ್ಕಳಿಗೆ ತೆಗೆದಿಡುತ್ತೇವೆ, ಮೊದಲ ಸರದಿ ಹುಡುಗಿಯರದು. ಇನ್ನೆರಡರ ರಿಪೇರಿಗೆ ಎಸ್‌ಡಿಎಂಸಿ ಅಧ್ಯಕ್ಷರು ಮಾತು ಕೊಟ್ಟಿದ್ದಾರೆ. ನಿವೃತ್ತ ಸಿಆರ್‌ಪಿ ಸಾಹೇಬರು ನಗಬಾರದು.

ಧಾರವಾಡದವರ ಬೋಟ್ಸ್ವಾನಾ ಮಾತು ಕೇಳಿ ಭಾನುವಾರ ಆರು ಮನೆಗೆ ನಾನೇ ಫೋನ್ ಮಾಡಿದೆ. ಆ ಹುಡುಗಿಯ ಮನೆಯಲ್ಲಿ ಅಣ್ಣ ಎತ್ತಿದ. "ಗಣಿತದ ಸರ್ ಮಾತಾಡೋದು, ತಂಗಿಗೆ ಕೊಡು" ಅಂದೆ. ಕೊಟ್ಟ. ಒಂದು ಲೆಕ್ಕ ಬಾಯಲ್ಲೇ ಹೇಳಿದೆ, ಎರಡು ಸಂಖ್ಯೆಗಳ ಮೊತ್ತ 27, ವ್ಯತ್ಯಾಸ 5. ಆ ಕಡೆ ಕುಕ್ಕರ್ ಒಂದು ಸೀಟಿ ಹೊಡೆಯಿತು. ಎರಡನೇ ಸೀಟಿಗೆ ಮೊದಲೇ "16, 11 ಸರ್" ಅಂದಳು. ಹಿಂದಿನಿಂದ ಅಣ್ಣನ ದನಿ, "ಹೆಂಗೆ ಬಂತೇ ಅದು?" ಅವಳು ಅವನಿಗೆ ಹೇಳಿಕೊಡಲು ಶುರು ಮಾಡಿದಳು, ಫೋನ್ ಇಡುವುದನ್ನೇ ಮರೆತು. ನಾನೂ ಸುಮ್ನೆ ಕೇಳುತ್ತಾ ಕೂತೆ.


ಬಸ್‌ಸ್ಟ್ಯಾಂಡ್ ಝೆರಾಕ್ಸ್ (ಅರಸೀಕೆರೆ)

ಮಾಸ್ತರೇ, ಆ ಥರದ ಲೆಕ್ಕದ ವರ್ಕ್‌ಶೀಟ್ ಇದ್ದರೆ ಇಲ್ಲೂ ಹಾಕಿ. ಎರಡೂ ಬದಿ ಪ್ರಿಂಟ್ ಮಾಡಿ ಅಂಗಡಿಯಲ್ಲಿ ಇಡುತ್ತೇನೆ, ಪರಿಸರ ಮಾಲಿನ್ಯದ ಪಕ್ಕ. ಹೊಯ್ಸಳರ 22 ಪುಟ ಮುಗಿಯಿತು, ಕಲಬುರಗಿ ಅಣ್ಣನಿಗೆ ಕಳಿಸಿದ್ದೇನೆ.


ಕಿವಿಯಲ್ಲಿ ಓದುವವನು (ಕಲಬುರಗಿ)

ಬಂತು ಅಣ್ಣ. ರಾತ್ರಿಯೇ ಪೂರ್ತಿ ಕೇಳಿದೆ. ಒಂದು ಕಡೆ ಮಾತ್ರ "ವಿಷ್ಣುವರ್ಧನ" ಎಡವಿದ್ದಾನೆ, ಅರ್ಕಾವತ್ತು ಧಕಾರಕ್ಕೆ ಹತ್ತೋದು ಬಿಟ್ಟು ನಕಾರಕ್ಕೆ ಹತ್ತಿ ಕೂತಿದೆ. 14ನೇ ಪುಟ.

ಮಾಸ್ತರೇ, ವರ್ಕ್‌ಶೀಟ್ ಹಾಕುವಾಗ ಯುನಿಕೋಡ್.


ಘಟ್ಟದ ಮಾಸ್ತರು

ಯುನಿಕೋಡೇ. ಫೋನಲ್ಲೇ ಟೈಪ್ ಮಾಡಿದ್ದು. ನಾಳೆ ಹಾಕುತ್ತೇನೆ, ಈಗ ಕರೆಂಟ್ ಹೋಯಿತು.